ಪಾಚಿಗೆ ಒಂದು ಜೀನ್ ಜಾಸ್ತಿ ಹಾಕಿದರೆ ಎಣ್ಣೆ ಜಾಸ್ತಿ ಬರಲ್ವಾ?

ಹೊಸಪಾಚಿ

ಎಲ್ಲರಿಗೂ ನಮಸ್ಕಾರ. ನಾನು ಎಂಎಸ್ಸಿ ಕೊನೆಯ ವರ್ಷದಲ್ಲಿದ್ದೇನೆ. ಪ್ರಾಜೆಕ್ಟ್‌ಗೆ ಎಣ್ಣೆ ಮಾಡುವ ಸೂಕ್ಷ್ಮಪಾಚಿಯನ್ನು ಆರಿಸಿಕೊಂಡಿದ್ದೇನೆ. ಜೈವಿಕ ಡೀಸೆಲ್‌ಗೆ ಬೇಕಾದ ಎಣ್ಣೆ, ಅದರ ಹಿಂದಿರುವ ಜೀನ್‌ಗಳು, ಇಷ್ಟು ವಿಷಯ.

ನನ್ನ ಯೋಚನೆ ಸರಳ. ಪಾಚಿಯೊಳಗಿನ ಎಣ್ಣೆ ಅಂದರೆ ಟ್ರೈಗ್ಲಿಸರೈಡ್. ಒಂದು ಗ್ಲಿಸರಾಲ್, ಅದಕ್ಕೆ ಅಂಟಿದ ಮೂರು ಕೊಬ್ಬಿನಾಮ್ಲ. ಮೂರನೆಯದನ್ನು ಅಂಟಿಸುವ ಕಿಣ್ವ ಡಿಜಿಎಟಿ. ಅದೇ ಕೊನೆಯ ಹೆಜ್ಜೆ. ಆ ಜೀನ್‌ನ ಇನ್ನೊಂದು ಪ್ರತಿಗೆ ಜೋರಾದ ಪ್ರಮೋಟರ್ (ಜೀನ್ ಚಾಲೂ ಮಾಡುವ ಡಿಎನ್ಎ ತುಂಡು) ಜೋಡಿಸಿ, ಲ್ಯಾಬ್‌ನ ಹಸಿರು ಪಾಚಿ ಕ್ಲ್ಯಾಮಿಡೋಮೊನಾಸ್‌ ಒಳಗೆ ಸೇರಿಸಿದರೆ ಎಣ್ಣೆ ಹೆಚ್ಚಬೇಕು, ಅಲ್ವಾ?

ಇದನ್ನೇ ಗೈಡ್ ಹತ್ತಿರ ಹೇಳಿದೆ. ಅವರು ನಕ್ಕು, ಒಂದು ವಾರ ಓದಿಕೊಂಡು ಬನ್ನಿ ಅಂದರು. ಓದುತ್ತಿದ್ದೇನೆ. ಆ ನಗು ಯಾಕೆ ಅಂತ ಇನ್ನೂ ಗೊತ್ತಾಗಿಲ್ಲ.

ಪಾಚಿಗಣ್ಣು

ಆ ನಗುವಿಗೆ ಮೂವತ್ತು ವರ್ಷ ವಯಸ್ಸಾಗಿದೆ. ಬೇಜಾರು ಮಾಡಿಕೊಳ್ಳಬೇಡಿ, ನಾವೆಲ್ಲ ಅದೇ ಪ್ರಶ್ನೆಯಿಂದ ಶುರುಮಾಡಿದವರೇ.

1978ರಲ್ಲಿ ಅಮೆರಿಕದ ಇಂಧನ ಇಲಾಖೆ ಅಕ್ವಾಟಿಕ್ ಸ್ಪೀಶೀಸ್ ಪ್ರೋಗ್ರಾಂ ಅಂತ ಒಂದು ಕೆಲಸಕ್ಕೆ ಕೈಹಾಕಿತು. 1996ರವರೆಗೆ ನಡೆಯಿತು. 3000ಕ್ಕೂ ಹೆಚ್ಚು ಪಾಚಿ ತಳಿಗಳನ್ನು ಕೂಡಿಹಾಕಿದರು, ಜರಡಿ ಹಿಡಿದು ಸುಮಾರು 300 ಉಳಿಸಿಕೊಂಡರು. ಕೊನೆಯ ವರ್ಷಗಳಲ್ಲಿ ಜೀನ್ ಕಡೆ ಹೊರಳಿದರು. ಸೈಕ್ಲೋಟೆಲ್ಲಾ ಕ್ರಿಪ್ಟಿಕಾ ಎಂಬ ಗಾಜಿನಂಥ ಗೋಡೆಯ ಪಾಚಿ, ಅಂದರೆ ಡಯಾಟಮ್‌ನಿಂದ ಅಸಿಟೈಲ್ ಕೋಎ ಕಾರ್ಬಾಕ್ಸಿಲೇಸ್ ಎಂಬ ಕಿಣ್ವದ ಜೀನ್ ಹೊರತೆಗೆದರು. ಕೊಬ್ಬಿನಾಮ್ಲ ಕಟ್ಟುವ ದಾರಿಯ ಮೊದಲ ಬಾಗಿಲು ಅದು. ಇಲ್ಲೇ ನೂಕುನುಗ್ಗಲು ಆಗುತ್ತಿದೆ, ಬಾಗಿಲು ಅಗಲ ಮಾಡಿದರೆ ಸಾಕು ಅಂತ ಎಲ್ಲರ ನಂಬಿಕೆ.

ಅಗಲ ಮಾಡಿದರು. ಅದೇ ಡಯಾಟಮ್‌ಗೆ ಜೀನ್‌ನ ಹೆಚ್ಚುವರಿ ಪ್ರತಿ ಸೇರಿಸಿದರು. ಕಿಣ್ವದ ಕೆಲಸ ಎರಡು ಮೂರು ಪಟ್ಟು ಏರಿತು. ಎಣ್ಣೆ ಎಷ್ಟಿತ್ತೋ ಅಷ್ಟೇ.

ಅವರು ಮೊದಲ ಬಾಗಿಲು ಹಿಡಿದಿದ್ದರು, ನೀವು ಕೊನೆಯದನ್ನು ಹಿಡಿದಿದ್ದೀರಿ. ಕ್ಲ್ಯಾಮಿಡೋಮೊನಾಸ್‌ನಲ್ಲಿ ಅದನ್ನೂ ಮಾಡಿ ನೋಡಿದ್ದಾರೆ. 2012ರಲ್ಲಿ ಬಂದ ಫಲಿತಾಂಶ: ಎರಡನೇ ಬಗೆಯ ಡಿಜಿಎಟಿ ಜೀನ್‌ನ ಆರ್‌ಎನ್‌ಎ (ಜೀನ್‌ನಿಂದ ತೆಗೆದ ಕೆಲಸದ ನಕಲು) ಚೆನ್ನಾಗಿ ಏರಿತು, ಎಣ್ಣೆ ಏರಲಿಲ್ಲ. ಆ ಪಾಚಿಯಲ್ಲಿ ಮೊದಲೇ ಒಂದನೇ ಬಗೆಯದು ಒಂದು, ಎರಡನೇ ಬಗೆಯವು ಐದು ಇವೆ. ನ್ಯಾನೋಕ್ಲೋರಾಪ್ಸಿಸ್ ಎಂಬ ಪಾಚಿಯಲ್ಲಂತೂ ಹತ್ತು ಹನ್ನೆರಡು. ಅಷ್ಟು ಜನ ಕೆಲಸವಿಲ್ಲದೆ ಕೂತಿರುವ ಮನೆಗೆ ಇನ್ನೊಬ್ಬ ಆಳು ಬಂದರೆ ಏನಾದೀತು? ಹಚ್ಚುವುದಕ್ಕೆ ತರಕಾರಿಯೇ ಬಂದಿಲ್ಲ.

ಪೂರ್ತಿ ದಂಡ ಅಂತಲೂ ಅಲ್ಲ. ಫಿಯೋಡ್ಯಾಕ್ಟೈಲಮ್ ಎಂಬ ಡಯಾಟಮ್‌ನಲ್ಲಿ ಡಿಜಿಎಟಿ ಹೆಚ್ಚಿಸಿದಾಗ ಸ್ವಲ್ಪ ಎಣ್ಣೆ ಹೆಚ್ಚಿದೆ. ಕ್ಲ್ಯಾಮಿಡೋಮೊನಾಸ್‌ನಲ್ಲೂ ರಂಜಕ ಕಡಿಮೆಯಾದಾಗ ಮಾತ್ರ ಎಚ್ಚರವಾಗುವ ಪ್ರಮೋಟರ್ ಹಾಕಿ ಮಾಡಿದವರಿಗೆ 2014ರಲ್ಲಿ ಫಲ ಸಿಕ್ಕಿತು. ಯಾವ ಜೀನ್ ಅನ್ನುವಷ್ಟೇ ಯಾವಾಗ ಅನ್ನುವುದೂ ಮುಖ್ಯ ಅಂತ ಅದರಿಂದ ಗೊತ್ತಾಯಿತು.

ಸಂಶಯಪ್ಪ

ನಾನು ಜೀವಶಾಸ್ತ್ರದವನಲ್ಲ, ಸುಮ್ನೆ ಕುತೂಹಲಕ್ಕೆ ಓದುವವನು. ಒಂದು ಮೂಲ ಪ್ರಶ್ನೆ. ಪಾಚಿಗೆ ಎಣ್ಣೆ ಯಾಕೆ ಬೇಕು? ನಮ್ಮ ಗಾಡಿ ಓಡಲಿ ಅಂತ ಅದು ಮಾಡುತ್ತಿಲ್ಲವಲ್ಲ.

ಪಾಚಿಗಣ್ಣು

ಸಂಶಯಪ್ಪನವರೇ, ಈ ಪ್ರಶ್ನೆ ಕೇಳದೆ ಎಷ್ಟೋ ಜನ ಪಿಎಚ್‌ಡಿ ಮುಗಿಸಿದ್ದಾರೆ.

ಒಂದು ಫ್ಲಾಸ್ಕ್ ಕಣ್ಣ ಮುಂದೆ ತಂದುಕೊಳ್ಳಿ. ಒಳಗೆ ದಟ್ಟ ಹಸಿರು ನೀರು. ಇದರಲ್ಲಿರುವ ಪಾಚಿ ದಿನಕ್ಕೆ ಎರಡು ಮೂರು ಸಲ ಒಡೆದು ಒಡೆದು ಹೆಚ್ಚುತ್ತಿದೆ. ಈಗ ಅದನ್ನು ಸೆಂಟ್ರಿಫ್ಯೂಜ್ ಮಾಡಿ, ತೊಳೆದು, ಸಾರಜನಕ ಇಲ್ಲದ ದ್ರಾವಣಕ್ಕೆ ಹಾಕಿ. ಬೆಳಕು ಇದೆ, ಇಂಗಾಲ ಇದೆ, ಸಾರಜನಕ ಮಾತ್ರ ಇಲ್ಲ. ಎರಡನೇ ದಿನಕ್ಕೆ ಹಸಿರು ಮಾಸುತ್ತದೆ. ನಾಲ್ಕೈದು ದಿನಕ್ಕೆ ಹಳದಿ ಬಣ್ಣ. ಒಂದು ಹನಿ ತೆಗೆದು ನೈಲ್ ರೆಡ್ ಬಣ್ಣ ಹಾಕಿ ಫ್ಲೋರೆಸೆನ್ಸ್ ಸೂಕ್ಷ್ಮದರ್ಶಕದಲ್ಲಿ ನೋಡಿ. ಕೋಶದ ಒಳಗೆ ಚಿನ್ನದ ಗುಂಡುಗಳು ಹೊಳೆಯುತ್ತವೆ. ಅದೇ ಎಣ್ಣೆ. ಮೊದಲ ಸಲ ನೋಡಿದ ದಿನ ನಾನು ಊಟ ಮರೆತಿದ್ದೆ.

ಏನಾಯಿತು ಒಳಗೆ? ಪ್ರೋಟೀನ್ ಕಟ್ಟಲು, ಡಿಎನ್ಎ ನಕಲು ಮಾಡಲು ಸಾರಜನಕ ಬೇಕು. ಅದಿಲ್ಲ ಅಂದರೆ ಕೋಶ ಒಡೆಯುವುದು ನಿಲ್ಲುತ್ತದೆ. ಆದರೆ ಬೆಳಕು ಬೀಳುತ್ತಲೇ ಇದೆ. ಕ್ಲೋರೋಪ್ಲಾಸ್ಟ್‌ನಿಂದ ಹೊರಡುವ ಎಲೆಕ್ಟ್ರಾನ್‌ಗಳಿಗೆ ಹೋಗಲು ಜಾಗ ಬೇಕು, ಇಲ್ಲದಿದ್ದರೆ ಕೋಶಕ್ಕೇ ಪೆಟ್ಟು. ಸಾರಜನಕದ ಹಂಗಿಲ್ಲದೆ ಅವನ್ನು ಅಡಗಿಸಿಡಬಹುದಾದ ಜಾಗ ಎರಡು: ಪಿಷ್ಟ ಮತ್ತು ಎಣ್ಣೆ. ಜೊತೆಗೆ ಕೋಶ ತನ್ನದೇ ದ್ಯುತಿಸಂಶ್ಲೇಷಣೆಯ ಪೊರೆಗಳನ್ನು ಬಿಚ್ಚಿ, ಅಲ್ಲಿನ ಕೊಬ್ಬಿನಾಮ್ಲವನ್ನೂ ಎಣ್ಣೆಗೆ ತುಂಬಿಸುತ್ತದೆ. ಕಷ್ಟಕಾಲಕ್ಕೆ ಅಟ್ಟ ಸೇರಿಸುವ ಹಾಗೆ. ಸಾರಜನಕ ಮತ್ತೆ ಬಂದರೆ ಒಂದೆರಡು ದಿನದಲ್ಲಿ ಆ ಎಣ್ಣೆಯೆಲ್ಲ ಕರಗಿ ಹೊಸ ಪೊರೆಯಾಗುತ್ತದೆ.

ಅಂದರೆ ಎಣ್ಣೆ ಹಸಿವಿನ ಗುರುತು. ಹಸಿದ ಪಾಚಿ ಕೊಬ್ಬುತ್ತದೆ, ಆದರೆ ಬೆಳೆಯುವುದಿಲ್ಲ. ಬೆಳೆಯುವ ಪಾಚಿ ಕೊಬ್ಬುವುದಿಲ್ಲ. ಹೊಸಪಾಚಿ ಅವರೇ, ನಿಮ್ಮ ಗೈಡ್ ನಕ್ಕಿದ್ದು ಇದಕ್ಕೇ. ಗಂಟು ಡಿಜಿಎಟಿಯಲ್ಲಿಲ್ಲ, ಇಲ್ಲಿದೆ.

ಹೊಸಪಾಚಿ

ಓಹ್! ಹಾಗಾದರೆ ಪಿಷ್ಟದ ದಾರಿ ಮುಚ್ಚಿಬಿಟ್ಟರೆ? ಎರಡು ಜಾಗ ಅಂದಿರಲ್ಲ, ಒಂದನ್ನು ಮುಚ್ಚಿದರೆ ಇಂಗಾಲವೆಲ್ಲ ಎಣ್ಣೆಗೇ ಹೋಗಬೇಕು.

ಪಾಚಿಗಣ್ಣು

ಈಗ ದಾರಿಗೆ ಬಂದಿರಿ. ಅಂಥದ್ದೊಂದು ತಳಿ ಇದೆ. ಎಸ್‌ಟಿಎ6 ಅಂತ ಹೆಸರು. ಪಿಷ್ಟ ಕಟ್ಟುವ ಎಡಿಪಿ ಗ್ಲೂಕೋಸ್ ಪೈರೋಫಾಸ್ಫೊರಿಲೇಸ್ ಕಿಣ್ವದ ಸಣ್ಣ ಉಪಘಟಕ ಇದರಲ್ಲಿ ಇಲ್ಲ. ಸಾರಜನಕ ಕಿತ್ತುಕೊಂಡರೆ ಇದು ಕ್ಲೋರೋಪ್ಲಾಸ್ಟ್ ಒಳಗೂ ಎಣ್ಣೆ ಗುಂಡು ತುಂಬಿಕೊಳ್ಳುತ್ತದೆ. ಮಾಮೂಲಿ ತಳಿ ಹೊರಗೆ, ಸೈಟೋಪ್ಲಾಸಂನಲ್ಲಿ ಮಾತ್ರ ಇಟ್ಟುಕೊಳ್ಳುತ್ತದೆ.

2011ರಲ್ಲಿ ಒಂದು ಗುಂಪು ಹಸಿದ ಎಸ್‌ಟಿಎ6ಗೆ ನಡುವೆ ಇನ್ನೊಮ್ಮೆ 20 ಮಿಲಿಮೋಲಾರ್ ಅಸಿಟೇಟ್ (ಪಾಚಿ ನೇರವಾಗಿ ಉಣ್ಣುವ ಇಂಗಾಲದ ಆಹಾರ) ಕೊಟ್ಟಿತು. ಕೋಶಗಳು ಎಷ್ಟು ಕೊಬ್ಬಿದವೆಂದರೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೂ ಕೆಳಗೆ ಕೂರಲಿಲ್ಲ, ನೀರಿನ ಮೇಲೆ ತೇಲಿದವು. ಟ್ಯೂಬ್ ತಳದಲ್ಲಿ ಪೆಲೆಟ್ ಹುಡುಕುತ್ತೀರಿ, ಅದು ಮೇಲೆ ಕೆನೆಯ ಹಾಗೆ ಕೂತಿರುತ್ತದೆ.

ಆದರೆ ಎರಡು ಎಚ್ಚರಿಕೆ. ಒಂದು, ಈ ಎಣ್ಣೆಯ ಇಂಗಾಲ ಬಂದಿದ್ದು ನೀವು ಕೊಟ್ಟ ಅಸಿಟೇಟ್‌ನಿಂದ. ಬಿಸಿಲಿನಿಂದ ಇಂಧನ ಅನ್ನುವ ಮಾತಿಗೆ ಅಲ್ಲೇ ಪೆಟ್ಟು. ಇನ್ನೊಂದು ಇನ್ನೂ ಮುಖ್ಯ. ಹೋಲಿಸುವುದು ಯಾವುದರ ಜೊತೆ? ಕ್ಲ್ಯಾಮಿಡೋಮೊನಾಸ್‌ನ ಲ್ಯಾಬ್ ತಳಿಗಳಲ್ಲೇ ಎಣ್ಣೆಯ ಪ್ರಮಾಣ ಬಹಳ ಏರುಪೇರು. ಬಡಕಲು ತಳಿಯ ಪಕ್ಕ ನಿಲ್ಲಿಸಿದರೆ ಯಾವ ಮ್ಯೂಟೆಂಟ್ (ಜೀನ್ ಕೆಟ್ಟ ತಳಿ) ಆದರೂ ಪೈಲ್ವಾನ್. ಸರಿಯಾದ ಹೋಲಿಕೆ ಅಂದರೆ, ಅದೇ ಎಸ್‌ಟಿಎ6ಗೆ ಕಳೆದುಹೋದ ಜೀನ್ ವಾಪಸ್ ಕೊಟ್ಟ ತಳಿ. ಅದೂ ಸಿಗುತ್ತದೆ, ಮಿನ್ನೆಸೋಟಾ ವಿಶ್ವವಿದ್ಯಾಲಯದ ಕ್ಲ್ಯಾಮಿಡೋಮೊನಾಸ್ ಸಂಗ್ರಹದಲ್ಲಿ.

ಕೊಳದ ಕಪ್ಪೆ

ನಿಮ್ಮ ಫ್ಲಾಸ್ಕ್ ಕಥೆ ಚೆನ್ನಾಗಿದೆ. ನಾನು ತೆರೆದ ಕೊಳದಲ್ಲಿ ಪಾಚಿ ಬೆಳೆಸಿದವನು, ಸ್ವಲ್ಪ ನೀರು ಎರಚುತ್ತೇನೆ.

ನಮ್ಮಲ್ಲಿ ಯುವಿ (ನೇರಳಾತೀತ) ಬೆಳಕು ಹೊಡೆದು ಮಾಡಿದ ಒಂದು ಮ್ಯೂಟೆಂಟ್ ಇತ್ತು. ಕಸಿಯಲ್ಲ, ಜೀನ್ ಸೇರಿಸಿದ್ದಲ್ಲ, ಸುಮ್ನೆ ಬೆಳಕಿನಿಂದ ಕೆಡಿಸಿದ್ದು. ಬಣ್ಣ ಹಾಕಿ, ಕೋಶ ವಿಂಗಡಿಸುವ ಯಂತ್ರದಲ್ಲಿ ಅತಿ ಹೊಳೆಯುವವನ್ನು ಹೆಕ್ಕಿದ್ದು. ಲ್ಯಾಬಿನಲ್ಲಿ ಎಣ್ಣೆ ಒಂದೂವರೆ ಪಟ್ಟು. ಎಲ್ಲರೂ ಖುಷಿ. ಕೊಳಕ್ಕೆ ಬಿಟ್ಟೆವು. ಮೊದಲ ಎರಡು ವಾರ ಸರಿ ಇತ್ತು. ಆರನೇ ವಾರ ಅಳೆದರೆ ಹಳೇ ತಳಿಯಷ್ಟೇ ಎಣ್ಣೆ. ಯಂತ್ರ ಕೆಟ್ಟಿದೆ ಅಂತ ಎರಡು ದಿನ ಜಗಳ ಆಡಿದೆವು.

ಯಂತ್ರ ಸರಿಯಾಗಿತ್ತು. ಯೋಚನೆ ಮಾಡಿ: ಎಣ್ಣೆ ಕೂಡಿಡುವ ಕೋಶ ಒಡೆಯುವುದಕ್ಕೆ ಸ್ವಲ್ಪ ತಡ ಮಾಡುತ್ತದೆ. ಕೋಟಿಗಟ್ಟಲೆ ಕೋಶಗಳಲ್ಲಿ ಎಲ್ಲೋ ಒಂದಕ್ಕೆ ಆ ಕೆಟ್ಟ ಜೀನ್ ರಿಪೇರಿ ಆಗುತ್ತದೆ, ಅಥವಾ ಇನ್ನೊಂದು ಜೀನ್ ಬದಲಾಗಿ ಎಣ್ಣೆ ಕಡಿಮೆಯಾಗುತ್ತದೆ. ಅದು ಬೇಗ ಬೇಗ ಒಡೆಯುತ್ತದೆ. ನಾವು ದಿನಾ ಕೊಳದಿಂದ ಸ್ವಲ್ಪ ತೆಗೆದು ಹೊಸ ನೀರು ಹಾಕುತ್ತೇವೆ. ಅಂದರೆ ವೇಗವಾಗಿ ಒಡೆಯುವವನಿಗೆ ದಿನಾ ಬಹುಮಾನ ಕೊಡುತ್ತಿದ್ದೇವೆ. ಕೊಳದಲ್ಲಿ ಜಿಪುಣನೇ ಸೋಲುವುದು. ಕಾಡುಪಾಚಿ ಗಾಳಿಯಲ್ಲಿ ಬಂದು ಬೀಳುವುದು ಬೇರೆ, ರೋಟಿಫರ್ ಹುಳ ಬಂದು ಮೂರೇ ದಿನದಲ್ಲಿ ಇಡೀ ಕೊಳ ಮೇಯ್ದು ಮುಗಿಸುವುದು ಬೇರೆ.

ಅದಕ್ಕೇ ಎಣ್ಣೆ ಎಷ್ಟು ಶೇಕಡಾ ಅಂತ ಯಾರಾದರೂ ಹೇಳಿದರೆ, ಬೆಳವಣಿಗೆ ಎಷ್ಟು ಕಮ್ಮಿಯಾಯಿತು ಅಂತ ನಾನು ಕೇಳುತ್ತೇನೆ.

ಡಯಾಟಮ್ ದಾಸ

ಕಪ್ಪೆಯವರ ಪ್ರಶ್ನೆಗೆ ನಮ್ಮ ಡಯಾಟಮ್ ಕಡೆಯಿಂದ ಒಂದು ಒಳ್ಳೆಯ ಉತ್ತರ ಇದೆ.

ಎಲ್ಲರೂ ಎಣ್ಣೆ ಕಟ್ಟುವ ಜೀನ್ ಹಿಂದೆ ಬಿದ್ದಿದ್ದಾಗ, ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಸ್ಥೆಯವರು ಎಣ್ಣೆ ಒಡೆಯುವ ಜೀನ್ ಕಡೆ ನೋಡಿದರು. ಥಲಾಸಿಯೋಸಿರಾ ಸ್ಯೂಡೋನಾನಾ ಅನ್ನುವ ಸಮುದ್ರದ ಡಯಾಟಮ್. ಇದರ ಜೀನೋಮ್ (ಡಿಎನ್ಎಯ ಪೂರ್ತಿ ಪಠ್ಯ) 2004ರಲ್ಲೇ ಓದಿ ಮುಗಿಸಿದ್ದರು, ಡಯಾಟಮ್‌ಗಳಲ್ಲಿ ಅದೇ ಮೊದಲು. ಇದರಲ್ಲಿ ಕೊಬ್ಬು ಒಡೆಯುವ ಒಂದು ಲೈಪೇಸ್‌ನ ಆರ್‌ಎನ್‌ಎಯನ್ನು ತಗ್ಗಿಸಿದರು. ಪೂರ್ತಿ ನಿಲ್ಲಿಸಲಿಲ್ಲ, ತಗ್ಗಿಸಿದರು ಅಷ್ಟೇ. 2013ರಲ್ಲಿ ಪ್ರಕಟವಾಯಿತು. ಹಸಿವಿಲ್ಲದೆ, ಚೆನ್ನಾಗಿ ಬೆಳೆಯುತ್ತಿರುವಾಗಲೇ, ಎರಡರಿಂದ ಮೂರು ಪಟ್ಟು ಎಣ್ಣೆ. ಬೆಳವಣಿಗೆ ಮೂಲ ತಳಿಯಷ್ಟೇ.

ಸೋರುವ ಕೊಡಕ್ಕೆ ನೀರು ಜಾಸ್ತಿ ಸುರಿಯುವ ಬದಲು ತೂತಿಗೆ ಬೆರಳಿಟ್ಟ ಹಾಗೆ. ನನ್ನ ಮಟ್ಟಿಗೆ ಈ ಕ್ಷೇತ್ರದ ಅತಿ ಜಾಣ ಪ್ರಯೋಗ ಇದು.

ಇನ್ನೊಂದು ಮಾತು. ಡಯಾಟಮ್‌ನಲ್ಲಿ ಪ್ರತಿ ಜೀನ್‌ಗೂ ಎರಡು ಪ್ರತಿ. ಒಂದು ಕೆಡಿಸಿದರೆ ಇನ್ನೊಂದು ಕೆಲಸ ಮಾಡುತ್ತಿರುತ್ತದೆ. ಹಳೆಯ ಯುವಿ ವಿಧಾನ ನಮ್ಮಲ್ಲಿ ಅಷ್ಟಾಗಿ ನಡೆಯದಿರುವುದು ಅದಕ್ಕೇ. ಕ್ಲ್ಯಾಮಿಡೋಮೊನಾಸ್, ನ್ಯಾನೋಕ್ಲೋರಾಪ್ಸಿಸ್‌ಗಳಲ್ಲಿ ಒಂದೇ ಪ್ರತಿ. ಕೆಡಿಸಿದ ಮಾರನೆಯ ದಿನವೇ ಗುಟ್ಟು ಬಯಲು.

ಸಂಶಯಪ್ಪ

ಒಂದು ಕಡೆ ಒಂದೂವರೆ ಪಟ್ಟು, ಇನ್ನೊಂದು ಕಡೆ ಮೂರು ಪಟ್ಟು. ಎಲ್ಲೋ 45 ಪಟ್ಟು ಅಂತಲೂ ಓದಿದ ನೆನಪು. ಇದರಲ್ಲಿ ಯಾವುದನ್ನು ನಂಬುವುದು ಮಾರಾಯ್ರೆ?

ಡಯಾಟಮ್ ದಾಸ

45 ಕೂಡ ನಮ್ಮ ಕಡೆಯದೇ, ಸುಳ್ಳಲ್ಲ. 2014ರಲ್ಲಿ ಫಿಯೋಡ್ಯಾಕ್ಟೈಲಮ್‌ನಲ್ಲಿ ಟ್ಯಾಲೆನ್ ಎಂಬ ಡಿಎನ್ಎ ಕತ್ತರಿ ಬಳಸಿ, ಸಕ್ಕರೆ ಕೂಡಿಡುವ ದಾರಿಯ ಯುಜಿಪಿಏಸ್ ಜೀನ್ ಕೆಡಿಸಿದರು. ಟ್ರೈಗ್ಲಿಸರೈಡ್ 45 ಪಟ್ಟು ಏರಿತು. ಆದರೆ ಚೆನ್ನಾಗಿ ಉಂಡು ಬೆಳೆಯುವ ಡಯಾಟಮ್‌ನಲ್ಲಿ ಟ್ರೈಗ್ಲಿಸರೈಡ್ ಇರುವುದೇ ಒಂದು ಚಿಟಿಕೆ. ಚಿಟಿಕೆಯ 45 ಪಟ್ಟು ಅಂದರೆ ಎಷ್ಟು ಅಂತ ಕೇಳಬೇಕು. ಪಟ್ಟು ಅನ್ನುವ ಪದ ಬಂದ ಕೂಡಲೇ ಕೆಳಗಿನ ಅಂಕಿ ನೋಡಿ. ಕೋಶಕ್ಕೆ ಎಷ್ಟು ಅಂದಿದ್ದಾರಾ, ಒಣತೂಕಕ್ಕಾ, ಲೀಟರಿಗಾ, ದಿನಕ್ಕಾ? ಕೋಶವೇ ಊದಿ ದೊಡ್ಡದಾಗಿದ್ದರೆ ಕೋಶಕ್ಕೆ ಎಷ್ಟು ಅನ್ನುವ ಲೆಕ್ಕ ತಾನಾಗಿ ಏರುತ್ತದೆ.

ಪಾಚಿಗಣ್ಣು

ದಾಸರು ತಗ್ಗಿಸಿದರು ಅಷ್ಟೇ ಅಂದ ಮಾತಿನ ಮೇಲೆ ಸ್ವಲ್ಪ ನಿಲ್ಲುತ್ತೇನೆ. ಅಲ್ಲೇ ತಿರುಳು ಇದೆ.

ನ್ಯಾನೋಕ್ಲೋರಾಪ್ಸಿಸ್ ಗಾಡಿಟಾನಾ. ಕೆಲವೇ ಮೈಕ್ರಾನ್ ಅಗಲದ ಪುಟ್ಟ ಗುಂಡು, ಉಪ್ಪುನೀರಿನಲ್ಲಿ ಬೆಳೆಯುತ್ತದೆ, ಸಹಜವಾಗಿಯೇ ಎಣ್ಣೆ ಜಾಸ್ತಿ. ಜೀನೋಮ್ ಸುಮಾರು 29 ಮೆಗಾಬೇಸ್ (2.9 ಕೋಟಿ ಅಕ್ಷರ), ಕ್ಲ್ಯಾಮಿಡೋಮೊನಾಸ್‌ನ ಕಾಲುಭಾಗ ಅನ್ನಿ. ಸಿಂಥೆಟಿಕ್ ಜೀನೋಮಿಕ್ಸ್ ಕಂಪನಿಯವರು ಎಕ್ಸಾನ್‌ಮೊಬಿಲ್ ದುಡ್ಡಿನಲ್ಲಿ ಇದರ ಮೇಲೆ ಕೂತರು. ಅವರು ಕಿಣ್ವಗಳನ್ನು ಮುಟ್ಟಲೇ ಇಲ್ಲ. ಸಾರಜನಕ ಕಿತ್ತುಕೊಂಡ ಕೂಡಲೇ ಯಾವ ಯಾವ ನಿಯಂತ್ರಕ ಜೀನ್‌ಗಳು ಬಾಯಿ ಮುಚ್ಚುತ್ತವೆ ಅಂತ ನೋಡಿದರು. ಅವು ಬಾಯಿ ಮುಚ್ಚಿದ ಮೇಲೆ ಎಣ್ಣೆ ಏರುತ್ತದೆ ಅಂದರೆ, ಅಲ್ಲಿಯವರೆಗೆ ಎಣ್ಣೆಯನ್ನು ತಡೆದಿದ್ದವರು ಅವರೇ ಇರಬಹುದು. ಹೀಗೆ 20 ಹೆಸರು ಸಿಕ್ಕವು. ಕ್ಯಾಸ್9 ಕತ್ತರಿಯಿಂದ 18ನ್ನು ಒಂದೊಂದಾಗಿ ಕತ್ತರಿಸಿದರು.

ಅದರಲ್ಲಿ ಒಂದು ಸಿಕ್ಕಿತು. ಸತುವಿನ ಅಯಾನನ್ನು ಹಿಡಿದುಕೊಳ್ಳುವ ನಿಯಂತ್ರಕ, ಹೆಸರು ಜಿಂಕ್‌ಸಿಸ್. ಶಿಲೀಂಧ್ರಗಳಲ್ಲಿ ಇದರ ದಾಯಾದಿಗಳು ಇವೆ. ಇದನ್ನು ಕತ್ತರಿಸಿದ ತಳಿಯಲ್ಲಿ ಸಾರಜನಕ ಎದುರಿಗೇ ಇದ್ದರೂ ಎಣ್ಣೆ ಏರಿತು. ಆದರೆ ಬೆಳವಣಿಗೆ ಕುಸಿಯಿತು. ಊಟ ಮುಂದಿದ್ದರೂ ಹಸಿದಂತೆ ಕೂತ ಪಾಚಿ. ಮತ್ತೆ ಹಳೇ ಗಂಟು.

ಆಮೇಲೆ ಮಾಡಿದ್ದು ನೋಡಿ. ಜೀನ್‌ಗೆ ಕತ್ತರಿ ಹಾಕುವುದನ್ನು ಬಿಟ್ಟು, ಅದರ ಪ್ರೋಟೀನ್ ಬರೆಯುವ ಭಾಗದ ಹೊರಗೆ, ಅಂಚಿನಲ್ಲಿ ಕೈಯಾಡಿಸಿದರು. ಆರ್‌ಎನ್‌ಎ ಇಂಟರ್‌ಫಿಯರೆನ್ಸ್‌ (ಜೀನ್‌ನ ಆರ್‌ಎನ್‌ಎಯನ್ನೇ ತಗ್ಗಿಸುವ ವಿಧಾನ) ಕೂಡ ಬಳಸಿದರು. ರೇಡಿಯೋದ ಗುಂಡಿಯನ್ನು ಆರಿಸದೆ ಸದ್ದು ಕಮ್ಮಿ ಮಾಡಿದ ಹಾಗೆ. ಬೇರೆ ಬೇರೆ ಮಟ್ಟಕ್ಕೆ ತಗ್ಗಿಸಿದ ತಳಿಗಳಲ್ಲಿ, ಕೋಶದ ಒಟ್ಟು ಇಂಗಾಲದಲ್ಲಿ ಕೊಬ್ಬಿನ ಪಾಲು 20%ನಿಂದ 40ರಿಂದ 55%ಗೆ ಹೋಯಿತು. ಬೆಳವಣಿಗೆಗೆ ಪೆಟ್ಟು ಬೀಳಲಿಲ್ಲ. ದಿನಕ್ಕೆ ಚದರ ಮೀಟರಿಗೆ ಸುಮಾರು 5 ಗ್ರಾಂ ಕೊಬ್ಬು, ಮೂಲ ತಳಿಯ ಎರಡರಷ್ಟು. 2017ರಲ್ಲಿ ಪ್ರಕಟವಾಯಿತು.

ಕಿಣ್ವ ಹೆಚ್ಚಿಸುವುದು ಕೂಲಿಗಳನ್ನು ಸೇರಿಸುವುದು. ಇದು ಮೇಸ್ತ್ರಿಗೆ ಬೇರೆ ಆದೇಶ ಕೊಡುವುದು. ಅದೂ ಪೂರ್ತಿ ಕೆಲಸದಿಂದ ತೆಗೆಯದೆ, ಗಂಟಲು ಸ್ವಲ್ಪ ಒತ್ತುವುದು.

ಲೆಕ್ಕದವನು

5 ಗ್ರಾಂ ಅಂದಿರಲ್ಲ, ಅದನ್ನು ಹಾಗೇ ಬಿಟ್ಟರೆ ನನಗೆ ನಿದ್ದೆ ಬರಲ್ಲ.

ಒಂದು ಹೆಕ್ಟೇರ್ ಅಂದರೆ 10,000 ಚದರ ಮೀಟರ್. ದಿನಕ್ಕೆ 50 ಕಿಲೋ. ವರ್ಷವಿಡೀ ಒಂದು ದಿನವೂ ಮೋಡ, ರೋಗ, ರಿಪೇರಿ ಇಲ್ಲ ಅಂದುಕೊಂಡರೆ 18 ಟನ್ ಚಿಲ್ಲರೆ. ಲೀಟರ್‌ನಲ್ಲಿ ಸುಮಾರು 20,000. ಎಣ್ಣೆತಾಳೆ ಹೆಕ್ಟೇರಿಗೆ ವರ್ಷಕ್ಕೆ 3ರಿಂದ 4 ಟನ್ ಕೊಡುತ್ತದೆ. ಅಂದರೆ ಕಾಗದದ ಮೇಲೆ ನಾಲ್ಕೂವರೆಯಿಂದ ಆರು ಪಟ್ಟು. ಕಮ್ಮಿಯೇನಲ್ಲ.

ಆದರೆ 2007ರಲ್ಲಿ ಎಲ್ಲರೂ ಉದಾಹರಿಸುತ್ತಿದ್ದ ಒಂದು ಲೇಖನದಲ್ಲಿ ಹೆಕ್ಟೇರಿಗೆ ವರ್ಷಕ್ಕೆ 1,36,900 ಲೀಟರ್ ಅಂತ ಇತ್ತು, ತೂಕದ 70% ಎಣ್ಣೆ ಇರುವ ಪಾಚಿಗೆ. ಹಿಂದಕ್ಕೆ ಲೆಕ್ಕ ಹಾಕಿ. ದಿನಕ್ಕೆ ಚದರ ಮೀಟರಿಗೆ 34 ಗ್ರಾಂ ಎಣ್ಣೆ ಬೇಕು. 70% ಎಣ್ಣೆಯನ್ನೂ, ಓಡುವ ಬೆಳವಣಿಗೆಯನ್ನೂ ಒಂದೇ ಪಾಚಿಯಿಂದ ಕೇಳಿದ ಹಾಗಾಯಿತು. ಮೇಲೆ ಪಾಚಿಗಣ್ಣು ಹೇಳಿದ ಗಂಟನ್ನೇ ಮರೆತ ಲೆಕ್ಕ. ಹೂಡಿಕೆದಾರರು ನೋಡಿದ್ದು ಮಾತ್ರ ಆ ಸಾಲನ್ನೇ.

ಇನ್ನೊಂದು. ಪಿಷ್ಟದಲ್ಲಿ ಗ್ರಾಂಗೆ 17 ಕಿಲೋಜೌಲ್ ಶಕ್ತಿ, ಎಣ್ಣೆಯಲ್ಲಿ 37. ಒಂದು ಗ್ರಾಂ ಎಣ್ಣೆ ಕೂಡಿಡುವ ಖರ್ಚಿನಲ್ಲಿ ಎರಡು ಗ್ರಾಂಗೂ ಜಾಸ್ತಿ ಪಿಷ್ಟ ಕೂಡಿಡಬಹುದು. ಆದ್ದರಿಂದ ಎಣ್ಣೆ ಏರಿದಾಗ ಒಟ್ಟು ತೂಕ ಸ್ವಲ್ಪ ಇಳಿಯುವುದು ಸಹಜ. ಬೆಳವಣಿಗೆ ಕಮ್ಮಿಯಾಯಿತು ಅಂತ ಕೂಗುವ ಮೊದಲು ತೂಕ ಬಿಟ್ಟು ಶಕ್ತಿಯಲ್ಲಿ ಅಳೆಯಿರಿ. ಕಪ್ಪೆಯವರಿಗೂ ಈ ಮಾತು.

ಕೊಳದ ಕಪ್ಪೆ

> ಕಪ್ಪೆಯವರಿಗೂ ಈ ಮಾತು

ಒಪ್ಪಿದೆ. ಆದರೆ ನೀವು ನೀರನ್ನು ಮರೆತಿರಿ. ತೆರೆದ ಕೊಳದಲ್ಲಿ ಲೀಟರಿಗೆ ಅರ್ಧ ಗ್ರಾಂ ಪಾಚಿ ಇದ್ದರೆ ಒಳ್ಳೆಯ ದಿನ. ಒಂದು ಕಿಲೋ ಒಣ ಪಾಚಿಗೆ 2000 ಲೀಟರ್ ನೀರು ಬೇರ್ಪಡಿಸಬೇಕು. ಆ ಖರ್ಚು ಯಾವ ಜೀನ್‌ನಿಂದ ಇಳಿಯುತ್ತದೆ? ಆ ತೇಲುವ ಎಸ್‌ಟಿಎ6 ಕಥೆ ನನಗೆ ಹಿಡಿಸಿದ್ದು ಅದಕ್ಕೇ. ಎಣ್ಣೆಗಿಂತ ತೇಲುವ ಗುಣವೇ ದೊಡ್ಡದು.

ಜೀನ್ ತಿದ್ದುವವರು ಎಣ್ಣೆ ಬಿಟ್ಟು ಬೇರೆಯದನ್ನೂ ನೋಡಲಿ ಅಂತ ನನ್ನ ಆಸೆ. ಉದಾಹರಣೆಗೆ ಬೆಳಕಿನ ಬಲೆ. ಕ್ಲೋರೋಫಿಲ್ ಆಂಟೆನಾ ದೊಡ್ಡದಿರುವ ಕೋಶ ಮೇಲ್ಪದರದಲ್ಲಿ ಕೂತು ತನಗೆ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಬೆಳಕು ನುಂಗುತ್ತದೆ, ಬಹುಪಾಲನ್ನು ಶಾಖ ಮಾಡಿ ಬಿಸಾಡುತ್ತದೆ. ಕೆಳಗಿನವರಿಗೆ ಕತ್ತಲೆ. ಆಂಟೆನಾ ಚಿಕ್ಕದಾದ ಕ್ಲ್ಯಾಮಿಡೋಮೊನಾಸ್ ತಳಿ, ಟಿಎಲ್‌ಎ1, 2003ರಿಂದಲೇ ಇದೆ. ಅದರ ಬಣ್ಣ ತಿಳಿಹಸಿರು, ನೋಡಿದರೆ ರೋಗ ಬಂದ ಹಾಗೆ ಕಾಣುತ್ತದೆ. ದಟ್ಟವಾಗಿ ಬೆಳೆಸಿದಾಗ ಬೆಳಕು ಆಳಕ್ಕೆ ಇಳಿಯುತ್ತದೆ. ತಮಾಷೆ ಏನಂದರೆ ಇದೂ ಕೊಳದಲ್ಲಿ ಒಂಟಿಯಾಗಿ ಗೆಲ್ಲುವ ಗುಣವಲ್ಲ. ದೊಡ್ಡ ಬಲೆಯವನು ಒಬ್ಬ ಬಂದರೆ ಎಲ್ಲರ ಬೆಳಕೂ ಅವನದೇ.

ಸಂಶಯಪ್ಪ

2017ರಲ್ಲೇ ಎರಡು ಪಟ್ಟು ಸಿಕ್ಕಿತ್ತು ಅಂದಿರಿ. ಹಾಗಾದರೆ ಪಾಚಿ ಡೀಸೆಲ್ ಎಲ್ಲಿ?

ಲೆಕ್ಕದವನು

2009ರಲ್ಲಿ ಎಕ್ಸಾನ್‌ಮೊಬಿಲ್ 60 ಕೋಟಿ ಡಾಲರ್‌ವರೆಗೆ ಹಾಕುತ್ತೇವೆ ಅಂತ ಘೋಷಿಸಿತು. 2018ರಲ್ಲಿ, 2025ರ ಹೊತ್ತಿಗೆ ದಿನಕ್ಕೆ 10,000 ಬ್ಯಾರಲ್ ತಯಾರಿಸುವ ತಾಂತ್ರಿಕ ಶಕ್ತಿ ಬರುತ್ತದೆ ಅಂದಿತು. 2023ರ ಶುರುವಿನಲ್ಲಿ ಕೈಬಿಟ್ಟಿತು. ಸೋಲಜೈಮ್ ಕಂಪನಿ ಇನ್ನೊಂದು ದಾರಿ ಹಿಡಿದಿತ್ತು: ದ್ಯುತಿಸಂಶ್ಲೇಷಣೆಯನ್ನೇ ಕಳೆದುಕೊಂಡ ಪ್ರೊಟೊಥೀಕಾ ಪಾಚಿಯನ್ನು ಕತ್ತಲೆಯ ಟ್ಯಾಂಕಿನಲ್ಲಿ ಸಕ್ಕರೆ ಹಾಕಿ ಬೆಳೆಸುವುದು. ಎಣ್ಣೆ ಬಂತು, ಆದರೆ ಸಕ್ಕರೆಯ ಬೆಲೆ ಕೊಟ್ಟು ಡೀಸೆಲ್ ಬೆಲೆಗೆ ಮಾರಲು ಆಗಲಿಲ್ಲ. ಅಡುಗೆ ಎಣ್ಣೆ, ಸೌಂದರ್ಯ ಸಾಮಗ್ರಿ ಕಡೆ ತಿರುಗಿ, ಹೆಸರು ಬದಲಿಸಿ, 2017ರಲ್ಲಿ ದಿವಾಳಿಯಾಯಿತು. ಜೀನ್ ಸರಿ ಇದ್ದರೂ ಪೆಟ್ರೋಲಿಯಂ ಅಗ್ಗ.

ಹೊಸಪಾಚಿ

ಇಷ್ಟೆಲ್ಲ ಓದಿ ಸ್ವಲ್ಪ ಎದೆಗುಂದಿದೆ. ಆದರೂ ಕೇಳುತ್ತೇನೆ. ಗೈಡ್ ಹತ್ತಿರ ಹೋಗಿ ಜಿಂಕ್‌ಸಿಸ್ ಬಗ್ಗೆ ಹೇಳಿದೆ. ಈ ಸಲ ನಗಲಿಲ್ಲ. ಆದರೆ ಕ್ಲ್ಯಾಮಿಡೋಮೊನಾಸ್‌ಗೆ ಜೀನ್ ಹಾಕುವುದಾದರೆ ಅದು ಸುಮ್ಮನಾಗಿಬಿಡುತ್ತೆ, ಎಚ್ಚರ ಅಂದರು. ಸುಮ್ಮನಾಗುವುದು ಅಂದರೆ?

ಪಾಚಿಗಣ್ಣು

ಅಯ್ಯೋ, ಹಳೇ ಗಾಯ.

ನಾನು ಒಂದು ಜೀನ್‌ನ ಪ್ರತಿ ಹಾಕಿ, ಆಂಟಿಬಯೋಟಿಕ್ ತಟ್ಟೆಯಲ್ಲಿ ಬದುಕಿದ 96 ವಸಾಹತುಗಳನ್ನು ಹೆಕ್ಕಿದೆ. ಎಲ್ಲದರಲ್ಲೂ ಜೀನ್ ಇದೆಯಾ ಅಂತ ಪಿಸಿಆರ್ ಮಾಡಿದೆ. ಸುಮಾರು 60ರಲ್ಲಿ ಜೀನ್ ಇತ್ತು. ಪ್ರೋಟೀನ್ ಕಾಣಿಸಿದ್ದು ಏಳರಲ್ಲಿ. ಅದರಲ್ಲಿ ಅತಿ ಒಳ್ಳೆಯದನ್ನು ಇಟ್ಟುಕೊಂಡು ಮೂರು ತಿಂಗಳು ಅಗರ್ ಮೇಲೆ ಬದಲಿಸುತ್ತಾ ಬಂದೆ. ಸಮ್ಮೇಳನಕ್ಕೆ ಹೋಗುವ ವಾರ ಪ್ರೋಟೀನ್ ನೋಡಲು ಮತ್ತೆ ಬ್ಲಾಟ್ ಮಾಡಿದರೆ ಆ ಜಾಗ ಖಾಲಿ. ಜೀನ್ ಅಲ್ಲೇ ಇತ್ತು, ಒಂದಕ್ಷರ ಬದಲಾಗಿರಲಿಲ್ಲ. ಕೋಶ ಅದರ ಬಾಯಿಗೆ ಬೀಗ ಹಾಕಿತ್ತು.

ಈ ಪಾಚಿಯ ನ್ಯೂಕ್ಲಿಯಸ್‌ಗೆ ಹೊರಗಿನವರನ್ನು ಕಂಡರೆ ಆಗದು. ಹಾಕಿದ ಡಿಎನ್ಎ ಎಲ್ಲೆಂದರಲ್ಲಿ ಹೋಗಿ ಅಂಟಿಕೊಳ್ಳುತ್ತದೆ, ಆಮೇಲೆ ಕೋಶ ಅದನ್ನು ಕ್ರೋಮಾಟಿನ್‌ನಲ್ಲಿ (ಡಿಎನ್ಎ ಸುತ್ತಿಡುವ ಪ್ರೋಟೀನ್ ಕಟ್ಟು) ಸುತ್ತಿ ಮುಚ್ಚಿಬಿಡುತ್ತದೆ. ಜೀನೋಮ್‌ನಲ್ಲಿ ಜಿ ಮತ್ತು ಸಿ ಅಕ್ಷರಗಳ ಪಾಲು 64%, ಬೇರೆ ಜೀವಿಯ ಜೀನ್‌ಅನ್ನು ಹಾಗೇ ಹಾಕಿದರೆ ಅದರ ಭಾಷೆಯೇ ಇದಕ್ಕೆ ಒರಟು. ಆದ್ದರಿಂದ ಕೋಡಾನ್‌ಗಳನ್ನು (ಜೀನ್‌ನ ಮೂರಕ್ಷರದ ಪದಗಳನ್ನು) ಇದರ ರೂಢಿಗೆ ಬದಲಿಸಿ, ನಡುವೆ ಇದರದೇ ಆರ್‌ಬಿಸಿಎಸ್2 ಜೀನ್‌ನ ಇಂಟ್ರಾನ್ (ಪ್ರೋಟೀನ್ ಬರೆಯದ ತುಂಡು) ಸೇರಿಸಬೇಕು. 2009ರಲ್ಲಿ ಜರ್ಮನಿಯವರು ಯುವಿ ಹೊಡೆದು ಯುವಿಎಂ4 ಅನ್ನುವ ಸೌಮ್ಯ ಸ್ವಭಾವದ ತಳಿ ಮಾಡಿದರು, ಅದರಲ್ಲಿ ಹೊರಗಿನ ಜೀನ್ ಚೆನ್ನಾಗಿ ಮಾತಾಡುತ್ತದೆ. ಯಾಕೆ ಅಂತ ಗೊತ್ತಾಗಿದ್ದು ಹತ್ತು ವರ್ಷದ ಮೇಲೆ: ಕ್ರೋಮಾಟಿನ್ ಬಿಗಿ ಮಾಡುವ ಒಂದು ಸರ್ಟುಯಿನ್ ಜೀನ್ ಕೆಟ್ಟಿತ್ತು.

ನಿಮಗೆ ಎಂಎಸ್ಸಿಯಲ್ಲಿ ಇರುವುದು ಆರು ತಿಂಗಳು. ಹಾಕುವ ಗೋಜಿಗೇ ಹೋಗಬೇಡಿ. ಕೆಡಿಸಿದ್ದನ್ನು ತರಿಸಿಕೊಳ್ಳಿ. ಮೊದಲು ಹೇಳಿದ ಮಿನ್ನೆಸೋಟಾ ಸಂಗ್ರಹದಲ್ಲಿ 62,000ಕ್ಕೂ ಹೆಚ್ಚು ಮ್ಯೂಟೆಂಟ್‌ಗಳ ಭಂಡಾರ ಇದೆ, ಪ್ರೋಟೀನ್ ಬರೆಯುವ ಜೀನ್‌ಗಳಲ್ಲಿ 80%ಕ್ಕೂ ಹೆಚ್ಚಿನವಕ್ಕೆ ಕೆಡಿಸಿದ ತಳಿ ಅದರಲ್ಲಿದೆ. ಬಂದ ಮೇಲೆ ಜೀನ್ ನಿಜವಾಗಿ ಕೆಟ್ಟಿದೆಯಾ ಅಂತ ಪಿಸಿಆರ್ ಮಾಡಿ ನೋಡಿಕೊಳ್ಳಿ, ಕೆಲವು ಕೈಕೊಡುತ್ತವೆ.

ಹೊಸಪಾಚಿ

ಎರಡು ವಾರ ಆಯಿತು, ಸುದ್ದಿ ಹೇಳೋಣ ಅಂತ ಬಂದೆ. ವಿಷಯ ಪಕ್ಕಾ ಆಯಿತು. ಎಸ್‌ಟಿಎ6, ಮತ್ತೆ ಜೀನ್ ವಾಪಸ್ ಕೊಟ್ಟ ಅದರ ಜೋಡಿ ತಳಿ. ಸಾರಜನಕವನ್ನು ಪೂರ್ತಿ ಕೀಳದೆ ನಾಲ್ಕು ಮಟ್ಟಕ್ಕೆ ಇಳಿಸಿ, ಪ್ರತಿ ಮಟ್ಟದಲ್ಲಿ ಎಣ್ಣೆ ಮತ್ತು ಬೆಳವಣಿಗೆ ಎರಡನ್ನೂ ಅಳೆಯುವುದು. ಅಸಿಟೇಟ್ ಹಾಕಿ ಒಂದು ಸಲ, ಹಾಕದೆ ಬರೀ ಬೆಳಕಿನಲ್ಲಿ ಒಂದು ಸಲ. ಲೆಕ್ಕದವನು ಸರ್ ಹೇಳಿದ ಹಾಗೆ ತೂಕದ ಜೊತೆ ಶಕ್ತಿಯ ಲೆಕ್ಕವೂ.

ನಿನ್ನೆ ಮೊದಲ ಸಲ ನೈಲ್ ರೆಡ್ ಹಾಕಿದೆ. ಸಾರಜನಕ ಕಿತ್ತು ಮೂರು ದಿನ ಆಗಿದೆ. ಎಲ್ಲ ಕೋಶಗಳೂ ಕೆಂಪಾಗಿ ಹೊಳೆಯುತ್ತಿವೆ, ಚಿನ್ನದ ಗುಂಡು ಒಂದೂ ಇಲ್ಲ. ಬಣ್ಣ ಹಾಕದ ಕೋಶಗಳೂ ಹಾಗೇ ಕೆಂಪು! ಫ್ಲಾಸ್ಕ್ ಕೂಡ ಇನ್ನೂ ಹಸಿರಾಗಿಯೇ ಇದೆ. ಏನು ತಪ್ಪು?

ಡಯಾಟಮ್ ದಾಸ

ಕೆಂಪು ಕ್ಲೋರೋಫಿಲ್‌ನದೇ ಹೊಳಪು, ಬಣ್ಣದ್ದಲ್ಲ. ಫಿಲ್ಟರ್ ಬದಲಿಸಿ, 570ರಿಂದ 590 ನ್ಯಾನೋಮೀಟರ್ ನಡುವಿನ ಬೆಳಕು ಮಾತ್ರ ಬಿಡುವುದನ್ನು ಹಾಕಿ. ಬಣ್ಣ ಹಾಕದ ಕೋಶದ ಅಂಕಿಯನ್ನು ಪ್ರತಿ ಸಲ ಕಳೆಯಿರಿ. ಬಣ್ಣ ಹಾಕಿದ ಮೇಲೆ ಎಷ್ಟು ನಿಮಿಷಕ್ಕೆ ಅಳೆಯುತ್ತೀರೋ ಕೊನೆಯವರೆಗೆ ಅಷ್ಟೇ ನಿಮಿಷಕ್ಕೆ ಅಳೆಯಿರಿ, ಹೊಳಪು ಹೊತ್ತು ಹೋದಂತೆ ಬದಲಾಗುತ್ತದೆ.

ಪಾಚಿಗಣ್ಣು

ಮೂರನೇ ದಿನಕ್ಕೂ ಹಸಿರು ಅಂದರೆ ಸಾರಜನಕ ಒಳಗೇ ಇದೆ. ಎಷ್ಟು ಸಲ ತೊಳೆದಿರಿ?

ಹೊಸಪಾಚಿ

ಒಂದು ಸಲ. 😬

ಪಾಚಿಗಣ್ಣು

ಮೂರು ಸಲ ತೊಳೆಯಿರಿ. ತಳಕ್ಕೆ ಕೂತ ಪಾಚಿಯ ಮೇಲಿನ ನೀರನ್ನು ಪೂರ್ತಿ ಬಗ್ಗಿಸಿ, ಉಳಿದ ಹನಿಯನ್ನು ಪಿಪೆಟ್‌ನಿಂದ ಎಳೆದುಬಿಡಿ. ಆ ಹನಿಯಲ್ಲಿರುವ ಅಮೋನಿಯಂ ಸಾಕು ಅವಕ್ಕೆ ಇನ್ನೆರಡು ದಿನ ಹಬ್ಬ ಮಾಡಲು. ಇನ್ನೊಂದು ವಿಷಯ, ಎಸ್‌ಟಿಎ6ಗೆ ಗೋಡೆ ಸರಿಯಾಗಿಲ್ಲ, ಜೋರಾಗಿ ತಿರುಗಿಸಿದರೆ ಒಡೆಯುತ್ತದೆ. ಮೆಲ್ಲಗೆ ತಿರುಗಿಸಿ, ಟಿಪ್‌ನ ತುದಿ ಕತ್ತರಿಸಿ ಅಗಲ ಮಾಡಿಕೊಂಡು ಎಳೆಯಿರಿ. ಬುಧವಾರ ಮತ್ತೆ ನೋಡಿ ಫೋಟೋ ಹಾಕಿ.

ಕೊಳದ ಕಪ್ಪೆ

ಹಾಕುವಾಗ ಬೆಳವಣಿಗೆಯ ಗ್ರಾಫ್ ಕೂಡ ಹಾಕಿ.